ಕೂರುವ ಮುಂಚೆ ಬೋರಲು ಹಾಕಿ ನೋಡಿ: ಈಮ್ಸ್ ಶೆಲ್ ಚೇರ್ ಕೊಳ್ಳುವವರಿಗೆ, ರಿಪೇರಿ ಮಾಡುವವರಿಗೆ

ಬೆಂಗಳೂರಿನಲ್ಲಿ ಹೊಸದಾಗಿ ತೆರೆದ ಎಷ್ಟೋ ಕೆಫೆಗಳಲ್ಲಿ ಈ ಕುರ್ಚಿ ಕಣ್ಣಿಗೆ ಬೀಳುತ್ತದೆ. ಬೆನ್ನು, ಆಸನ ಎರಡೂ ಒಂದೇ ಅಚ್ಚಿನಲ್ಲಿ ಬಂದ ಪ್ಲಾಸ್ಟಿಕ್, ಅದನ್ನೇ ಶೆಲ್ ಎನ್ನುವುದು. ಕೆಳಗೆ ಓರೆಯಾಗಿ ನಿಂತ ನಾಲ್ಕು ಮರದ ಕಾಲು, ಅವುಗಳ ನಡುವೆ ಕಪ್ಪು ಕಂಬಿಗಳ ಹೆಣಿಗೆ. ಆನ್‌ಲೈನ್ ಅಂಗಡಿಗಳಲ್ಲಿ ಇದಕ್ಕೆ ‘ಐಫೆಲ್ ಚೇರ್’, ‘ಈಮ್ಸ್ ಸ್ಟೈಲ್ ಡೈನಿಂಗ್ ಚೇರ್’ ಎಂದೆಲ್ಲ ಹೆಸರು. ನಕಲು ಕೆಲವೇ ಸಾವಿರಕ್ಕೆ ಸಿಗುತ್ತದೆ. ಅಸಲಿಯ ಬೆಲೆ ಅದರ ಎಷ್ಟೋ ಪಟ್ಟು. ಅಮೆರಿಕದಲ್ಲಿರುವ ನಮ್ಮವರಿಗೆ ಮೂರನೆಯ ದಾರಿಯೂ ಉಂಟು. ಶಾಲೆ, ಆಫೀಸುಗಳಿಂದ ಹೊರಬಿದ್ದ ಹಳೆಯ ಅಸಲಿ ಕುರ್ಚಿಗಳು ಅಲ್ಲಿ ಗರಾಜ್ ಸೇಲ್‌ಗೆ ಬರುತ್ತವೆ. ಕೆಲವೊಮ್ಮೆ ಅದೇನೆಂದು ಮಾರುವವರಿಗೇ ಗೊತ್ತಿರುವುದಿಲ್ಲ.

ಈ ಮೂರರಲ್ಲಿ ಯಾವುದಕ್ಕೆ ಕೈ ಹಾಕಿದರೂ ನನ್ನ ಸಲಹೆ ಒಂದೇ: ಮೊದಲು ಕುರ್ಚಿಯನ್ನು ಬೋರಲು ಹಾಕಿ. ಬಣ್ಣವನ್ನೂ ಆಕಾರವನ್ನೂ ಯಾರು ಬೇಕಾದರೂ ನಕಲು ಮಾಡಬಹುದು. ಕುರ್ಚಿಯ ನಿಜವಾದ ಜಾಣತನ ಇರುವುದು ತಳದಲ್ಲಿ, ಶೆಲ್ ಹೋಗಿ ಕಾಲಿಗೆ ಸೇರುವ ನಾಲ್ಕು ಜಾಗಗಳಲ್ಲಿ. ಕುರ್ಚಿ ಕೆಡುವುದೂ ಅಲ್ಲೇ.

ಕೊಳ್ಳುವವರಿಗೆ ಬೇಕಾದಷ್ಟು ಹಿನ್ನೆಲೆ

ಒಂದೇ ತುಂಡಿನ ಆಸನ ಮಾಡಬೇಕೆಂಬ ಹಟ ಈ ಕುರ್ಚಿಯ ವಿನ್ಯಾಸಕಾರ, ಅಮೆರಿಕದ ಚಾರ್ಲ್ಸ್ ಈಮ್ಸ್‌ಗೆ 1940ರಿಂದಲೇ ಇತ್ತು. ಆಗ ವಾಸ್ತುಶಿಲ್ಪಿ ಈರೋ ಸಾರಿನೆನ್ ಜೊತೆ ಸೇರಿ ಪ್ಲೈವುಡ್‌ನಲ್ಲಿ ಪ್ರಯತ್ನಿಸಿದರು. ಪ್ಲೈವುಡ್ ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ. ಎರಡು ದಿಕ್ಕಿಗೆ ಒಟ್ಟಿಗೆ ಬಾಗಿಸಿದರೆ ಸೀಳುತ್ತದೆ. ಆ ಸೀಳು ಮುಚ್ಚಲು ಮೇಲೆ ಬಟ್ಟೆ ಹೊದಿಸಬೇಕಾಯಿತು. ಮುಂದೆ ಚಾರ್ಲ್ಸ್ ಮತ್ತು ಅವರ ಹೆಂಡತಿ ರೇ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿ ಕೆಲಸ ಮುಂದುವರಿಸಿದರು. 1948ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಕಡಿಮೆ ಬೆಲೆಯ ಪೀಠೋಪಕರಣಗಳಿಗೆ ಸ್ಪರ್ಧೆ ಏರ್ಪಡಿಸಿತು. ಇವರ ತಂಡ ತಗಡನ್ನು ಅಚ್ಚೊತ್ತಿ ಮಾಡಿದ ಶೆಲ್ ಕಳಿಸಿ ಎರಡನೇ ಬಹುಮಾನ ಹಂಚಿಕೊಂಡಿತು. ಆದರೆ ತಗಡು ಮುಟ್ಟಿದರೆ ತಣ್ಣಗೆ, ತುಕ್ಕಿಗೆ ಲೇಪ ಬೇಕು, ಖರ್ಚೂ ಜಾಸ್ತಿ.

ಪರಿಹಾರ ಸಿಕ್ಕಿದ್ದು ಜೆನಿತ್ ಪ್ಲಾಸ್ಟಿಕ್ಸ್ ಎಂಬ ಕ್ಯಾಲಿಫೋರ್ನಿಯಾದ ಕಂಪನಿಯಲ್ಲಿ. ಯುದ್ಧಕಾಲದಲ್ಲಿ ಅವರು ವಿಮಾನದ ರೇಡಾರ್‌ಗೆ ಫೈಬರ್‌ಗ್ಲಾಸ್ ಕವಚ ಮಾಡುತ್ತಿದ್ದರು. ಕತ್ತರಿಸಿದ ಗಾಜಿನ ಎಳೆಗಳನ್ನು ಕುರ್ಚಿ ಆಕಾರದ ಜಾಲರಿಯ ಮೇಲೆ ಗಾಳಿಯಿಂದ ಎಳೆದು ಕೂರಿಸುವುದು, ಅದಕ್ಕೆ ಬಣ್ಣ ಬೆರೆಸಿದ ರಾಳ ಸುರಿಯುವುದು, ಬಿಸಿ ಮಾಡಿದ ಎರಡು ಲೋಹದ ಅಚ್ಚುಗಳ ನಡುವೆ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತುವುದು. ಇದಿಷ್ಟು ವಿಧಾನ. 1950ರಲ್ಲಿ ಕೈ ಇರುವ ಕುರ್ಚಿ ಬಂತು, ಅದರ ಬೆನ್ನಿಗೇ ಕೈ ಇಲ್ಲದ್ದು. ಮಾರಿದ್ದು ಹರ್ಮನ್ ಮಿಲ್ಲರ್ ಕಂಪನಿ.

ಇಲ್ಲಿ ಒಂದು ತೊಡಕಿತ್ತು. ಒರಗಿದಾಗ ಶೆಲ್ ಸ್ವಲ್ಪ ಬಳುಕಬೇಕು, ಆಗಲೇ ಮೈಗೆ ಹಿತ. ಕಬ್ಬಿಣದ ಕಾಲಿಗೆ ನೇರ ಬೋಲ್ಟ್ ಹಾಕಿ ಬಿಗಿದರೆ ಆ ಬಳುಕೆಲ್ಲ ತೂತಿನ ಸುತ್ತಲೇ ಸೇರಿ ಅಲ್ಲೇ ಬಿರುಕು ಬಿಡುತ್ತದೆ. ಅದಕ್ಕೇ ಶೆಲ್ಲಿಗೆ ತೂತು ಕೊರೆಯಲೇ ಇಲ್ಲ. ನಾಲ್ಕು ದಪ್ಪ ರಬ್ಬರ್ ಬಿಲ್ಲೆಗಳನ್ನು ತಳಕ್ಕೆ ಅಂಟಿಸಿದರು. ಬೋಲ್ಟ್ ಹೋಗುವುದು ಬಿಲ್ಲೆಯೊಳಗಿನ ಲೋಹದ ನಟ್ಟಿಗೆ. ಇದಕ್ಕೆ ಶಾಕ್ ಮೌಂಟ್ ಎನ್ನುತ್ತಾರೆ. ಕೂತವರು ಅಲುಗಿದಾಗ ರಬ್ಬರ್ ಹಿಗ್ಗಿ ಕುಗ್ಗುತ್ತದೆ, ಶೆಲ್ಲಿಗೆ ಪೆಟ್ಟಾಗುವುದಿಲ್ಲ.

ಯಾವ ಪ್ಲಾಸ್ಟಿಕ್ ಎಂದು ಗುರುತಿಸುವುದು

‘ಪ್ಲಾಸ್ಟಿಕ್ ಚೇರ್’ ಎಂದು ಮಾರುವ ಇವುಗಳಲ್ಲಿ ಎರಡು ಬೇರೆ ಬೇರೆ ಜಾತಿ ಇವೆ. 1950ರಿಂದ 1980ರ ದಶಕದ ಕೊನೆಯವರೆಗೆ ಬಂದಿದ್ದು ಫೈಬರ್‌ಗ್ಲಾಸ್. ಅದರ ತಯಾರಿಕೆಯಲ್ಲಿ ಹೊಮ್ಮುವ ಆವಿ ಮತ್ತು ಮರುಬಳಕೆ ಆಗದಿರುವುದು ತಲೆನೋವಾಗಿ ಹರ್ಮನ್ ಮಿಲ್ಲರ್ ಅದನ್ನು ನಿಲ್ಲಿಸಿತು. ಸುಮಾರು 2000ದ ಹೊತ್ತಿಗೆ ಅದೇ ಆಕಾರ ಪಾಲಿಪ್ರೊಪಿಲೀನ್‌ನಲ್ಲಿ ಮರಳಿತು. 2013ರಲ್ಲಿ, ಹಾನಿ ಕಡಿಮೆಯಾದ ಹೊಸ ವಿಧಾನದಿಂದ, ಫೈಬರ್‌ಗ್ಲಾಸ್ ಕೂಡ ವಾಪಸ್ ಬಂತು. ಇವತ್ತು ಕೆಫೆಗಳಲ್ಲಿ ಕಾಣುವ ನಕಲುಗಳು ಹೆಚ್ಚೂಕಡಿಮೆ ಎಲ್ಲವೂ ಪಾಲಿಪ್ರೊಪಿಲೀನ್.

ಗುರುತಿಸುವುದು ಸುಲಭ. ಶೆಲ್ಲನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಿರಿ. ಫೈಬರ್‌ಗ್ಲಾಸ್ ಆದರೆ ಒಳಗೆ ಎಳೆಗಳು ಕಾಣುತ್ತವೆ, ಶಾವಿಗೆ ಚೆಲ್ಲಿದ ಹಾಗೆ ಅಡ್ಡಾದಿಡ್ಡಿ. ತಿಳಿ ಬಣ್ಣದ್ದರಲ್ಲಿ ಚೆನ್ನಾಗಿ, ಕಪ್ಪಿನಲ್ಲಿ ಕಷ್ಟಪಟ್ಟು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಸದ್ದು ಬರುತ್ತದೆ. ಪಾಲಿಪ್ರೊಪಿಲೀನ್ ಎಲ್ಲ ಕಡೆ ಒಂದೇ ಬಣ್ಣ, ಸ್ವಲ್ಪ ಮಂಕು ಮೈ, ತಟ್ಟಿದರೆ ಮೊದ್ದು ಸದ್ದು. ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇದ್ದರೆ ಸಂಶಯವೇ ಬೇಡ, ಅದು ಪಾಲಿಪ್ರೊಪಿಲೀನ್.

ಯಾವುದು ಒಳ್ಳೆಯದು? ಮಕ್ಕಳಿರುವ ಮನೆ, ದಿನವೂ ಒರೆಸಿ ತೊಳೆಯುವ ಊಟದ ಮೇಜು ಅಂದರೆ ನಾನು ಪಾಲಿಪ್ರೊಪಿಲೀನ್ ಅನ್ನೇ ಹೇಳುತ್ತೇನೆ. ಅದು ಚುಚ್ಚುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ. ಆದರೆ ಒಂದು ಮಾತು ನೆನಪಿರಲಿ: ಒಮ್ಮೆ ಸೀಳಿದರೆ ಅದರ ಕಥೆ ಮುಗಿಯಿತು. ಪಾಲಿಪ್ರೊಪಿಲೀನ್‌ಗೆ ಮನೆಯಲ್ಲಿರುವ ಯಾವ ಅಂಟೂ ಹಿಡಿಯುವುದಿಲ್ಲ. ಫೈಬರ್‌ಗ್ಲಾಸ್ ಹಾಗಲ್ಲ. ಅದರ ಆರೈಕೆ ಜಾಸ್ತಿ, ಆದರೆ ರಿಪೇರಿ ಆಗುತ್ತದೆ. ಹಳೆಯ ಶೆಲ್ಲಿನ ಬಣ್ಣದ ಆಳ ಪಾಲಿಪ್ರೊಪಿಲೀನ್‌ನಲ್ಲಿ ಬರುವುದೂ ಇಲ್ಲ.

ಹೊಸ ಅಸಲಿ ಬೇಕೆಂದರೆ ಯುರೋಪ್ ಮತ್ತು ಮಧ್ಯಪ್ರಾಚ್ಯದಲ್ಲಿ ವಿತ್ರಾ ಕಂಪನಿ; ಭಾರತ, ಅಮೆರಿಕ ಸೇರಿದಂತೆ ಉಳಿದ ಕಡೆ ಹರ್ಮನ್ ಮಿಲ್ಲರ್. ಹಕ್ಕು ಹಂಚಿಕೆಯಾಗಿರುವುದು ಹೀಗೆ. ದುಬೈನಲ್ಲಿರುವ ಅಣ್ಣನಿಂದ ತರಿಸಿದ ಕುರ್ಚಿಯ ಮೇಲೆ ವಿತ್ರಾ ಎಂದಿದ್ದರೆ ಗಾಬರಿ ಬೇಡ, ಅದೂ ಅಸಲಿಯೇ. ವಿತ್ರಾ ಈಚೆಗೆ ಮನೆ ಕಸದಿಂದ ಬಂದ ಮರುಬಳಕೆ ಪ್ಲಾಸ್ಟಿಕ್ಕಿಗೆ ಬದಲಾಗಿದೆ. ಹತ್ತಿರದಿಂದ ನೋಡಿದರೆ ಮೈಮೇಲೆ ಸಣ್ಣ ಸಣ್ಣ ಚುಕ್ಕೆ ಕಾಣಬಹುದು. ಅದನ್ನು ದೋಷ ಎಂದುಕೊಂಡು ವಾಪಸ್ ಕಳಿಸಬೇಡಿ.

ಬೋರಲು ಹಾಕಿ ಏನು ನೋಡಬೇಕು

ನೆಲದ ಮೇಲೆ ಕಂಬಳಿ ಹಾಸಿ ಕುರ್ಚಿಯನ್ನು ತಲೆಕೆಳಗು ಮಾಡಿ.

ಮೊದಲು ಹೆಸರು. ಹರ್ಮನ್ ಮಿಲ್ಲರ್‌ನ ಹಳೆಯ ಶೆಲ್ಲುಗಳ ತಳದಲ್ಲಿ ಕಂಪನಿಯ ಗುರುತು ಅಚ್ಚಿನಲ್ಲೇ ಮೂಡಿರುತ್ತದೆ. ತೀರಾ ಆರಂಭದ ಜೆನಿತ್ ಕುರ್ಚಿಗಳಿಗೆ ಚೌಕುಳಿ ಅಂಚಿನ ಕಾಗದದ ಚೀಟಿ ಅಂಟಿಸುತ್ತಿದ್ದರು. ಅದು ಎಷ್ಟೋ ಕಡೆ ಕಿತ್ತುಹೋಗಿದೆ. ಹಾಗಾಗಿ ಚೀಟಿ ಇಲ್ಲವೆಂದ ಮಾತ್ರಕ್ಕೆ ನಕಲಿ ಎನ್ನಬೇಡಿ. ಆ ಮೊದಲ ಕುರ್ಚಿಗಳಿಗೆ ಇನ್ನೊಂದು ಗುರುತಿದೆ: ಶೆಲ್ಲಿನ ಅಂಚಿನೊಳಗೆ ಒಂದು ಹಗ್ಗ ಹುದುಗಿರುತ್ತದೆ. ಅಂಚಿನ ಮೇಲೆ ಬೆರಳಾಡಿಸಿದರೆ ಉಬ್ಬು ಸಿಗುತ್ತದೆ. ಅಂಚು ಗಟ್ಟಿಯಾಗಲಿ ಅಂತ ಹಾಕಿದ್ದು, ಕೆಲವು ವರ್ಷಗಳಲ್ಲಿ ಅದು ಬೇಡವೆನಿಸಿ ಬಿಟ್ಟರು. ಗರಾಜ್ ಸೇಲ್‌ನಲ್ಲಿ ಹಗ್ಗದ ಅಂಚು ಸಿಕ್ಕಿತೋ, ಚೌಕಾಸಿ ಮಾಡುತ್ತಾ ನಿಲ್ಲಬೇಡಿ.

ಆಮೇಲೆ ರಬ್ಬರ್ ಬಿಲ್ಲೆಗಳು. ಒಂದೊಂದನ್ನೂ ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ. ಉಗುರು ಬಿಲ್ಲೆಯ ಅಡಿಗೆ ಹೋಗುತ್ತಿದೆಯಾ? ಅಂಚಿನಲ್ಲಿ ಸಣ್ಣ ಬಿರುಕುಗಳಿವೆಯಾ? ರಬ್ಬರ್ ಮೆತ್ತಗಿರುವ ಬದಲು ಕಲ್ಲಾಗಿದೆಯಾ? ಹಳೆಯದಾದಂತೆ ರಬ್ಬರ್ ಗಡಸಾಗಿ ಅಂಟು ಬಿಡುವುದು ಸಹಜ. ಇದು ಕುರ್ಚಿ ಬೇಡವೆನ್ನಲು ಕಾರಣವಲ್ಲ, ಬೆಲೆ ಇಳಿಸಲು ಕಾರಣ. ಆದರೆ ಬಿಲ್ಲೆಯ ಸುತ್ತಲಿನ ಶೆಲ್ಲೇ ಬಿರಿದಿದ್ದರೆ ಕೈ ಮುಗಿದು ಬನ್ನಿ. ಅದರ ಮೇಲೆ ಯಾರೂ ಕೂರಬಾರದು. ಶೆಲ್ಲನ್ನು ತೂತು ಕೊರೆದು ಮೇಲಿನಿಂದ ಬೋಲ್ಟ್ ಹಾಕಿರುವುದು ಕಂಡರೂ ಅಷ್ಟೇ. ಯಾರೋ ಅವಸರದಲ್ಲಿ ಮಾಡಿದ ರಿಪೇರಿ ಅದು.

ಪಾಲಿಪ್ರೊಪಿಲೀನ್ ಕುರ್ಚಿಯಲ್ಲಿ ಬೋಲ್ಟ್ ಹೋಗುವ ಗುಬುಟುಗಳ ಬುಡ ನೋಡಿ. ಅಲ್ಲಿ ಬಣ್ಣ ಬಿಳಿಚಿಕೊಂಡಿದ್ದರೆ ಪ್ಲಾಸ್ಟಿಕ್ ದಣಿದಿದೆ ಎಂದರ್ಥ. ಮುಂದೆ ಸೀಳುವುದು ಅಲ್ಲೇ. ಅಗ್ಗದ ನಕಲುಗಳಲ್ಲಿ ಈ ಜಾಗದ ಪ್ಲಾಸ್ಟಿಕ್ ತೆಳ್ಳಗಿರುವುದೇ ದೊಡ್ಡ ತೊಂದರೆ. ಅಂಗಡಿಯಲ್ಲೇ ಕೂತು, ಬೆನ್ನು ಒರಗಿಸಿ, ಸೊಂಟವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಕಾಲು ಕೀರಲಿಟ್ಟರೆ ಅದು ಮರ ಮತ್ತು ಕಂಬಿಯ ಜೋಡಣೆ ಸಡಿಲ ಎಂಬುದರ ಸೂಚನೆ.

ಕಾಲುಗಳಿಗೆ ಸಂಕೇತಾಕ್ಷರಗಳುಂಟು, ಮಾರುವವರು ಅದನ್ನೇ ಬಳಸುತ್ತಾರೆ. ಡಿಎಸ್‌ಡಬ್ಲ್ಯೂ ಎಂದರೆ ಊಟದ ಮೇಜಿನ ಎತ್ತರ, ಕೈ ಇಲ್ಲದ್ದು, ಮರದ ಕಾಲು. ಡಿಎಸ್‌ಆರ್ ಅಂದರೆ ಕಂಬಿ ಕಾಲು. ಎಸ್ ಜಾಗದಲ್ಲಿ ಎ ಇದ್ದರೆ ಕೈ ಇರುವ ಕುರ್ಚಿ. ಆರ್‌ಎಆರ್ ತೂಗುವ ಕುರ್ಚಿ. ಹಳೆಯ ಶೆಲ್ಲಿಗೆ ಹೊಸ ಕಾಲು ಜೋಡಿಸಿರುವುದು ತೀರಾ ಮಾಮೂಲು. ಅದರಲ್ಲಿ ತಪ್ಪೇನಿಲ್ಲ, ‘ಪೂರ್ತಿ ಹಳೆಯದು’ ಎಂದು ಹೇಳಿ ಮಾರದಿದ್ದರೆ ಸಾಕು.

ನಿಮ್ಮ ಮನೆಗೆ ಹೊಂದುತ್ತದಾ

ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರದ ಕರೆಯ ಮೇಲೆ ಇಲ್ಲಿಗೆ ಬಂದು ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಅದರಿಂದಲೇ. ಆ ವರದಿಯಲ್ಲಿ ಅವರು ಹಾಡಿ ಹೊಗಳಿದ್ದು ನಮ್ಮ ಲೋಟಾ, ಅಂದರೆ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ಯಾರ ಕೈಗೆ ಹೊಂದಬೇಕು, ತಲೆಯ ಮೇಲೋ ಸೊಂಟದ ಮೇಲೋ, ಹೇಗೆ ತೊಳೆಯುವುದು ಎಂದು ಒಂದೊಂದೇ ಪ್ರಶ್ನೆ ಎತ್ತುತ್ತಾ ಹೋಗುತ್ತಾರೆ. ಅದೇ ಪ್ರಶ್ನೆಗಳನ್ನು ಅವರ ಕುರ್ಚಿಗೂ ಕೇಳಿ. ಫೋಟೋ ನೋಡಿ ಆರು ಕುರ್ಚಿ ಆರ್ಡರ್ ಮಾಡುವವರು ಇದನ್ನೇ ಮರೆಯುತ್ತಾರೆ.

ಊಟದ ಎತ್ತರದ ಕುರ್ಚಿಯ ಆಸನ ನೆಲದಿಂದ ಸುಮಾರು 16ರಿಂದ 18 ಇಂಚು ಇರುತ್ತದೆ. ಆಸನಕ್ಕೂ ಮೇಜಿನ ಅಡಿಭಾಗಕ್ಕೂ 10ರಿಂದ 12 ಇಂಚು ಜಾಗ ಸಿಗಬೇಕು. ಕೈ ಇರುವ ಕುರ್ಚಿಯಾದರೆ ಕೈಯ ಎತ್ತರವನ್ನೂ ಅಳೆಯಿರಿ. ಮೇಜಿನ ಅಡಿಯ ಪಟ್ಟಿಗೆ ತಾಗಿದರೆ ಕುರ್ಚಿ ಒಳಗೆ ಹೋಗುವುದೇ ಇಲ್ಲ, ನಡೆಯುವ ದಾರಿಗೆ ಅಡ್ಡ ನಿಲ್ಲುತ್ತದೆ.

ಮನೆಯಲ್ಲಿ ಕುರ್ಚಿ ಮೇಲೂ ಚಕ್ಕಂಬಕ್ಕಳ ಹಾಕಿ ಕೂರುವವರಿದ್ದಾರಾ? ಎಷ್ಟೋ ಮನೆಗಳಲ್ಲಿ ಅಜ್ಜಿಯಷ್ಟೇ ಅಲ್ಲ, ಎಲ್ಲರೂ ಹಾಗೆಯೇ. ಶೆಲ್ಲಿನ ಎರಡೂ ಬದಿ ಮೇಲೆದ್ದಿರುವುದರಿಂದ ಮಂಡಿ ಒತ್ತುತ್ತದೆ. ಅಂಥವರಿಗೆ ಈ ಕುರ್ಚಿ ಸರಿಹೋಗಲಾರದು, ಸುಮ್ನೆ ದುಡ್ಡು ದಂಡ. ದಿನಾ ಒದ್ದೆ ಬಟ್ಟೆಯಿಂದ ನೆಲ ಒರೆಸುವ ಮನೆಯಾದರೆ ಇನ್ನೂ ಒಂದು ವಿಚಾರ. ಕಂಬಿ ಕಾಲಿನ ತುದಿಯ ಬುಷ್ ಸವೆದರೆ ಕಬ್ಬಿಣ ನೇರ ನೀರಿಗೆ ತಾಗಿ ತುಕ್ಕು ಹಿಡಿಯುತ್ತದೆ, ರೆಡ್ ಆಕ್ಸೈಡ್ ನೆಲವಾದರೆ ಗೀರೂ ಬೀಳುತ್ತದೆ. ಕೊಳ್ಳುವಾಗಲೇ ಒಂದು ಸೆಟ್ ಬುಷ್ ಜಾಸ್ತಿ ಕೇಳಿ ಪಡೆಯಿರಿ.

ಇಷ್ಟೆಲ್ಲ ಕೇಳಿ ಬೇಡವೆನಿಸಿದರೆ ಅದೇ ಕಾಲದ ಬೇರೆ ಕುರ್ಚಿಗಳಿವೆ. ಇಂಗ್ಲೆಂಡಿನ ರಾಬಿನ್ ಡೇ 1963ರಲ್ಲಿ ಹಿಲ್ಲೆ ಕಂಪನಿಗೆ ಮಾಡಿಕೊಟ್ಟ ಪಾಲಿಪ್ರಾಪ್ ಕುರ್ಚಿ ಅಗ್ಗ, ಒಂದರ ಮೇಲೊಂದು ಪೇರಿಸಬಹುದು. ಲಂಡನ್‌ನಲ್ಲಿರುವವರು ಅಲ್ಲಿನ ಶಾಲೆ, ಆಸ್ಪತ್ರೆಗಳಲ್ಲಿ ಅದರ ಮೇಲೆ ಕೂತೇ ಇರುತ್ತಾರೆ. ಕಾಲೇ ಇಲ್ಲದೆ ಒಂದೇ ತಿರುವಿನಲ್ಲಿ ನಿಲ್ಲುವ ವರ್ನರ್ ಪ್ಯಾಂಟನ್‌ನ ಕುರ್ಚಿ 1967ರದ್ದು, ನೋಡಲು ಬಲು ಚಂದ. ಆದರೆ 1970ರ ದಶಕದಲ್ಲಿ ಬಂದ ಪ್ಯಾಂಟನ್ ಕುರ್ಚಿಗಳ ಪ್ಲಾಸ್ಟಿಕ್ ವಯಸ್ಸಾದಂತೆ ಬಿರಿಯುತ್ತಿತ್ತು. ಅದೇ ಕಾರಣಕ್ಕೆ 1979ರಲ್ಲಿ ತಯಾರಿಕೆಯನ್ನೇ ನಿಲ್ಲಿಸಿದ್ದರು. ಆ ಕಾಲದ್ದು ಸಿಕ್ಕರೆ ನೋಡಲು ಇಟ್ಟುಕೊಳ್ಳಿ, ಕೂರಲು ಬೇಡ.

ರಬ್ಬರ್ ಬಿಲ್ಲೆ ಕಿತ್ತುಬಂದರೆ

ಹಳೆಯ ಫೈಬರ್‌ಗ್ಲಾಸ್ ಕುರ್ಚಿ ತಂದವರಿಗೆ ಇಂದಲ್ಲ ನಾಳೆ ಈ ಕೆಲಸ ತಪ್ಪಿದ್ದಲ್ಲ. ಕಷ್ಟವೇನಿಲ್ಲ, ತಾಳ್ಮೆ ಬೇಕು ಅಷ್ಟೇ. ಒಂದು ಬಿಲ್ಲೆ ಬಿಟ್ಟಿದೆ ಎಂದರೆ ಉಳಿದ ಮೂರಕ್ಕೂ ಅಷ್ಟೇ ವಯಸ್ಸು. ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಸರಿ. ಹೊಸ ಬಿಲ್ಲೆಗಳು ಆನ್‌ಲೈನ್‌ನಲ್ಲಿ ಸೆಟ್ ಆಗಿ ಸಿಗುತ್ತವೆ. ತೀರಾ ಹಳೆಯ ಕುರ್ಚಿಗಳ ಬಿಲ್ಲೆ ದೊಡ್ಡದು, ಆಮೇಲಿನದು ಚಿಕ್ಕದು. ಅಗಲ ಅಳೆದುಕೊಂಡೇ ತರಿಸಿ. ಕಾಲಿನ ಸೆಟ್ಟನ್ನೂ ಬದಲಿಸುವುದಾದರೆ ಬೋಲ್ಟ್ ತೂತುಗಳ ನಡುವಿನ ಅಂತರವನ್ನೂ ಅಳೆಯಿರಿ. ಅಗಲದ್ದು, ಕಿರಿದಾದದ್ದು ಎಂದು ಎರಡು ಅಳತೆಗಳಿವೆ, ಒಂದು ಇನ್ನೊಂದಕ್ಕೆ ಕೂರುವುದಿಲ್ಲ.

ಬೋಲ್ಟ್ ಬಿಚ್ಚಿ ಕಾಲನ್ನು ಪಕ್ಕಕ್ಕಿಡಿ. ಹಳೆಯ ಬಿಲ್ಲೆಯ ಅಡಿಗೆ ತೆಳುವಾದ ಪುಟ್ಟಿ ಬ್ಲೇಡ್ ತೂರಿಸಿ ನಿಧಾನವಾಗಿ ಎಬ್ಬಿಸಿ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯಬೇಡಿ. ಅಂಟಿನ ಪಳೆಯುಳಿಕೆ ಕೆರೆದು ತೆಗೆದು, ಆ ದುಂಡು ಜಾಗವನ್ನು ಮಾತ್ರ ಒರಟು ಸ್ಯಾಂಡ್ ಪೇಪರ್‌ನಿಂದ ಉಜ್ಜಿ. 80 ನಂಬರಿನದು ಸಾಕು. ಹೊಸ ಬಿಲ್ಲೆಯ ಅಂಟುವ ಮುಖವನ್ನೂ ಉಜ್ಜಿ ಹೊಳಪು ತೆಗೆಯಿರಿ. ಈ ಹಂತದಲ್ಲಿ ಮಾಸ್ಕ್, ಗ್ಲೌಸ್, ತುಂಬು ತೋಳಿನ ಅಂಗಿ ಇಲ್ಲದೆ ಕೂರಬೇಡಿ. ಗಾಜಿನ ಎಳೆಯ ದೂಳು ಚರ್ಮಕ್ಕೆ ಹೊಕ್ಕರೆ ತುರಿಕೆ, ಉಸಿರಿಗೆ ಹೋದರೆ ಅದಕ್ಕಿಂತ ಕೆಟ್ಟದ್ದು. ಮಕ್ಕಳು ಆಡುವ ಜಾಗದಿಂದ ದೂರ, ಗಾಳಿಯಾಡುವ ಕಡೆ ಈ ಕೆಲಸ ಮಾಡಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಬೆರಳಿನ ಎಣ್ಣೆ ಅಂಶ ತಾಗಿದರೂ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಈಗ ಮುಖ್ಯ ವಿಷಯ. ಬಿಲ್ಲೆಗಳನ್ನು ಒಂದೊಂದಾಗಿ ಶೆಲ್ಲಿಗೆ ಅಂಟಿಸಬೇಡಿ. ಮೊದಲು ನಾಲ್ಕನ್ನೂ ಕಾಲಿನ ಸೆಟ್ಟಿಗೆ ಬೋಲ್ಟ್‌ನಿಂದ ಸಡಿಲವಾಗಿ ಕಟ್ಟಿ, ಬೋರಲು ಹಾಕಿದ ಶೆಲ್ಲಿನ ಮೇಲೆ ಇಟ್ಟು ನೋಡಿ. ನಾಲ್ಕೂ ಮಟ್ಟವಾಗಿ ಕೂತಿವೆಯಾ, ಅಲುಗಾಡುತ್ತಿಲ್ಲ ತಾನೆ ಎಂದು ಖಾತ್ರಿ ಮಾಡಿಕೊಂಡು ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ. ಹೀಗೆ ಮಾಡಿದರೆ ತೂತುಗಳು ತಾವಾಗಿಯೇ ಸರಿಯಾದ ಜಾಗಕ್ಕೆ ಬರುತ್ತವೆ.

ಅಂಟು ಎರಡು ಟ್ಯೂಬಿನ ಎಪಾಕ್ಸಿ ಆಗಿರಲಿ, ಅದರಲ್ಲೂ ನಿಧಾನವಾಗಿ ಗಟ್ಟಿಯಾಗುವ ಜಾತಿಯದು. ಐದು ನಿಮಿಷದ ಎಪಾಕ್ಸಿ ಅವಸರದ್ದು, ಫೆವಿಕ್ವಿಕ್ ಅಂತೂ ಬೇಡವೇ ಬೇಡ. ಸಮ ಪ್ರಮಾಣದಲ್ಲಿ ಕಲಸಿ ಎರಡೂ ಮುಖಕ್ಕೆ ತೆಳುವಾಗಿ ಸವರಿ, ಗೆರೆಯೊಳಗೆ ಕೂರಿಸಿ. ಹೊರಗೆ ಚಿಮ್ಮಿದ ಅಂಟನ್ನು ಆಗಲೇ ಒರೆಸಿ. ಮೇಲೆ ಎರಡು ಮೂರು ಕಿಲೋ ಭಾರ ಇಟ್ಟು 24 ಗಂಟೆ ಮುಟ್ಟಬೇಡಿ. ಮಳೆಗಾಲದ ಮಲೆನಾಡಿನಲ್ಲೋ ಚಳಿ ದೇಶದಲ್ಲೋ ಇದ್ದರೆ ಇನ್ನೊಂದು ದಿನ ಕೊಡಿ. ಕೂರುವುದು ಎರಡು ಮೂರು ದಿನ ಬಿಟ್ಟು.

ಕೊನೆಗೆ ಬೋಲ್ಟ್. ಇದರ ಉದ್ದವನ್ನು ಯಾರೂ ಗಮನಿಸುವುದಿಲ್ಲ. ಹಳೆಯ ಬೋಲ್ಟ್ ಕಳೆದುಹೋಗಿದೆ ಎಂದು ಹಾರ್ಡ್‌ವೇರ್ ಅಂಗಡಿಯಿಂದ ಉದ್ದನೆಯದು ತಂದು ಹಾಕಿದರೆ, ಬಿಗಿದಂತೆ ಅದರ ತುದಿ ನಟ್ಟನ್ನು ದಾಟಿ ಶೆಲ್ಲಿನ ತಳಕ್ಕೆ ಒತ್ತುತ್ತದೆ. ಪ್ರತಿ ಸುತ್ತಿಗೂ ಬಿಲ್ಲೆಯನ್ನು ತಾನೇ ಮೇಲಕ್ಕೆ ಕಿತ್ತು ತರುತ್ತದೆ. ಹೊಸ ಅಂಟೂ ಹೋಯಿತು. ಬಿಲ್ಲೆಯ ಆಳವನ್ನು ಕಡ್ಡಿ ಇಟ್ಟು ಅಳೆದು, ಅದಕ್ಕಿಂತ ಗಿಡ್ಡ ಬೋಲ್ಟ್ ಆರಿಸಿ. ಅಮೆರಿಕದ ಹಳೆಯ ಬೋಲ್ಟ್‌ಗಳು ಇಂಚಿನ ಅಳತೆಯವು. ನಮ್ಮ ಅಂಗಡಿಯ ಎಂ6 (ಮಿಲಿಮೀಟರ್ ಅಳತೆಯದು) ಹತ್ತಿರ ಹತ್ತಿರ ಕೂತಂತೆ ಅನಿಸಿದರೂ ಒತ್ತಾಯ ಮಾಡಬೇಡಿ, ನಟ್ಟಿನ ಮರೆ (ಥ್ರೆಡ್) ಹಾಳಾಗುತ್ತದೆ.

ಮೈ ಚುಚ್ಚುವ ಶೆಲ್

ಹಳೆಯ ಫೈಬರ್‌ಗ್ಲಾಸ್ ಮೇಲೆ ಅಂಗೈ ಆಡಿಸಿದಾಗ ಒರಟಾಗಿ, ಮುಳ್ಳಾಡಿದಂತೆ ಅನಿಸಿದರೆ ಮೇಲಿನ ರಾಳ ಸವೆದು ಎಳೆಗಳು ಹೊರಬಂದಿವೆ ಎಂದು ತಿಳಿಯಿರಿ. ಬಿಸಿಲಲ್ಲಿ ಬಿದ್ದಿದ್ದ ಕುರ್ಚಿಗಳಲ್ಲಿ ಇದು ಜಾಸ್ತಿ. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್ ತನ್ನಿ, ಮೊದಲು 400, ಆಮೇಲೆ 600. ನೀರಿನಲ್ಲಿ ನೆನೆಸಿ, ಹಗುರವಾಗಿ ಉಜ್ಜಿ. ಒದ್ದೆ ಇದ್ದರೆ ದೂಳು ಏಳುವುದಿಲ್ಲ, ಆದರೂ ಗ್ಲೌಸ್ ಇರಲಿ. ತೊಳೆದು ಪೂರ್ತಿ ಒಣಗಿಸಿ, ಬಣ್ಣವಿಲ್ಲದ ವಾರ್ನಿಷ್ ಅನ್ನು ತೆಳುವಾಗಿ ಹಚ್ಚಿ. ಮೊದಲು ತಳದಲ್ಲಿ, ಕಾಣದ ಕಡೆ ಹಚ್ಚಿ ನೋಡುವುದು ಜಾಣತನ. ಕೆಲವು ವಾರ್ನಿಷ್ ಹಳದಿ ತಿರುಗುತ್ತವೆ.

ಪೇಂಟ್ ಮಾತ್ರ ಹೊಡೆಸಬೇಡಿ. ಎಳೆಗಳು ಕಾಣುವುದೇ ಈ ಕುರ್ಚಿಯ ಸೊಗಸು, ಅದನ್ನೇ ಮುಚ್ಚಿದರೆ ನಕಲಿಗೂ ಇದಕ್ಕೂ ಏನು ವ್ಯತ್ಯಾಸ ಉಳಿಯಿತು?

ದಿನದ ಆರೈಕೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಉಗುರು ಬೆಚ್ಚಗಿನ ನೀರು, ಮೆತ್ತನೆ ಬಟ್ಟೆ. ಸ್ಟೀಲ್ ಸ್ಕ್ರಬ್ಬರ್, ಥಿನ್ನರ್ ಎರಡೂ ದೂರ ಇರಲಿ. ಅರಿಶಿನದ ಕಲೆ ಬಿಳಿ ಪಾಲಿಪ್ರೊಪಿಲೀನ್ ಮೇಲೆ ಹಿಡಿದರೆ ಬೇಗ ಬಿಡುವುದಿಲ್ಲ, ಸಾರು ಚೆಲ್ಲಿದ ಕೂಡಲೇ ಒರೆಸಿ.

ಊರಿಗೆ ಸಾಗಿಸುವವರಿಗೆ

ಅಮೆರಿಕದಿಂದ ಮನೆ ಸಾಮಾನು ಕಂಟೇನರ್‌ನಲ್ಲಿ ಕಳಿಸುವವರು ಕಾಲು ಬಿಚ್ಚದೆ ಕಳಿಸಬೇಡಿ. ಒಂದು ಕಾಲಿಗೆ ಪೆಟ್ಟು ಬಿದ್ದರೆ ಅದರ ಭಾರವೆಲ್ಲ ಒಂದು ಬಿಲ್ಲೆಯ ಮೇಲೆ ಬೀಳುತ್ತದೆ. ಬಿಚ್ಚಿದ ಶೆಲ್ಲುಗಳು ಒಂದರೊಳಗೊಂದು ಕೂರುತ್ತವೆ. ಆದರೆ ಬಿಲ್ಲೆಗಳು ಕೆಳಗಿನ ಶೆಲ್ಲಿನ ಆಸನಕ್ಕೆ ಉಜ್ಜಿ ಕಪ್ಪು ಗುರುತು ಬಿಡುತ್ತವೆ, ಹಾಗಾಗಿ ನಡುವೆ ಹಳೆಯ ಬೆಡ್‌ಶೀಟ್ ಮಡಿಸಿ ಇಡಿ. ಯಾವ ಶೆಲ್ಲಿಗೆ ಯಾವ ಕಾಲು ಎಂದು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಎರಡಕ್ಕೂ ಅಂಟಿಸಿ. ಬೋಲ್ಟ್‌ಗಳನ್ನು ಜಿಪ್ ಕವರಿನಲ್ಲಿ ಹಾಕಿ ಆಯಾ ಕಾಲಿಗೇ ಕಟ್ಟಿ. ಇಂಚಿನ ಬೋಲ್ಟ್ ಕಳೆದುಕೊಂಡರೆ ಇಲ್ಲಿ ಹುಡುಕುತ್ತಾ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಬೇಕಾಗುತ್ತದೆ.